ನಗು ಎರಡು ಸಲ ಬಂದ ಸಭಾಂಗಣ: ಬೋಸ್ನಿಯಾ ಸಿನಿಮಾ ಹಬ್ಬದ ಸುತ್ತ ಒಂದು ಚರ್ಚೆ

ಹಡ್ಸನ್ ದಂಡೆ

ನ್ಯೂಯಾರ್ಕಿನಲ್ಲಿ ವರ್ಷಕ್ಕೊಮ್ಮೆ ಬೋಸ್ನಿಯಾ-ಹರ್ಜೆಗೊವಿನಾ ಚಿತ್ರೋತ್ಸವ ನಡೆಯುತ್ತದೆ. 1992–95ರ ಯುದ್ಧದಲ್ಲಿ ದಿಕ್ಕಾಪಾಲಾಗಿ ಅಮೆರಿಕ ಸೇರಿದವರು 2000ರ ದಶಕದ ಆರಂಭದಲ್ಲಿ ಕಟ್ಟಿಕೊಂಡ ಹಬ್ಬ ಇದು. ಇಲ್ಲಿ ಕೊಡುವ ಪ್ರಶಸ್ತಿಯ ಹೆಸರು 'ಚಿನ್ನದ ಸೇಬು'. ನನ್ನ ಜೊತೆ ಕೆಲಸ ಮಾಡುವ ಬೋಸ್ನಿಯಾದ ಗೆಳತಿ ಒತ್ತಾಯ ಮಾಡಿದಳೆಂದು ಒಂದು ಸಂಜೆ ಹೋಗಿದ್ದೆ. ಅಲ್ಲಿ ಕಂಡ ಒಂದು ಸಂಗತಿ ಇನ್ನೂ ಮನಸ್ಸಿನಿಂದ ಇಳಿದಿಲ್ಲ.

ಸಭಾಂಗಣ ತುಂಬಿತ್ತು. ಮುಕ್ಕಾಲು ಪಾಲು ಬೋಸ್ನಿಯಾದವರು, ಉಳಿದವರು ನನ್ನಂಥವರು. ಕಿರುಚಿತ್ರವೊಂದರಲ್ಲಿ ಒಬ್ಬ ಮುದುಕ ಏನೋ ಗೊಣಗಿದ. ಕೂಡಲೇ ಬೋಸ್ನಿಯಾದವರೆಲ್ಲ ಗೊಳ್ಳೆಂದು ನಕ್ಕರು. ನಾನು ಕೆಳಗಿನ ಇಂಗ್ಲಿಷ್ ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಆ ನಗು ಇಳಿದುಹೋಗಿತ್ತು. ಆಗ ಅಲ್ಲೊಂದು ಇಲ್ಲೊಂದು, ತೆಳ್ಳಗೆ, ನಮ್ಮ ನಗು ಎದ್ದಿತು. ಸಂಜೆಯುದ್ದಕ್ಕೂ ಹೀಗೇ ನಡೆಯಿತು. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕುಳಿತಿದ್ದರು. ನಗುತ್ತ ನಗುತ್ತಲೇ ಕೈಚೀಲದಿಂದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು, ಅದನ್ನು ಮತ್ತೆ ಒಳಗಿಡಲೇ ಇಲ್ಲ. ಆ ಮುದುಕ ಆಡಿದ್ದು ರಾಜಧಾನಿ ಸಾರಾಯೆವೊದ ಹಳೆಯ ಪೇಟೆಯ ಮಾತು, ಅವರ ಗಂಡನೂ ಹಾಗೆಯೇ ಮಾತನಾಡುತ್ತಿದ್ದರಂತೆ ಎಂದು ಆಮೇಲೆ ಗೆಳತಿ ಹೇಳಿದಳು.

ಅಲ್ಲಿಯವರೆಗೆ ಬೋಸ್ನಿಯಾದ ಸಿನಿಮಾ ಎಂದರೆ ನನ್ನ ಪಾಲಿಗೆ ಯುದ್ಧದ ಸಿನಿಮಾ. ಬರ್ಲಿನ್, ಕಾನ್ ಚಿತ್ರೋತ್ಸವಗಳನ್ನು, ಆಸ್ಕರನ್ನು ದಾಟಿ ಬಂದವು ಮಾತ್ರ ನಮ್ಮ ಕೈಗೆ ಸಿಗುತ್ತವೆ. ಆ ಸಂಜೆ ಮಾತ್ರ, ಇಡೀ ಹಬ್ಬವನ್ನು ಕಟ್ಟಿರುವುದು ಆ ಮೊದಲ ನಗುವಿಗಾಗಿಯೇ ಅನ್ನಿಸಿತು. ಹಾಗಾದರೆ ಈ ಚಿತ್ರಗಳು ತಯಾರಾಗುವುದು ಯಾರಿಗಾಗಿ? ಅಲ್ಲಿನ ಸಿನಿಮಾವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ಬರೆಯಿರಿ.

ಮಲೆನಾಡ ಮಳೆ

ನನಗೆ ಬೋಸ್ನಿಯಾ ಎಂಬ ಹೆಸರು ಪರಿಚಯವಾದದ್ದೇ ಸಿಟ್ಟಿನ ಮೂಲಕ. 2002ರ ಮಾರ್ಚ್‌ನಲ್ಲಿ 'ಲಗಾನ್' ಆಸ್ಕರ್ ಅಂತಿಮ ಸುತ್ತಿನಲ್ಲಿತ್ತು. ಸೋಮವಾರ ಬೆಳಿಗ್ಗೆ ಹಾಸ್ಟೆಲಿನ ಟಿವಿ ಮುಂದೆ ನಲವತ್ತು ಜನ ಕಾದು ಕುಳಿತಿದ್ದೆವು. ಪ್ರಶಸ್ತಿ ಹೋದದ್ದು ಬೋಸ್ನಿಯಾದ 'ನೋ ಮ್ಯಾನ್ಸ್ ಲ್ಯಾಂಡ್'ಗೆ, ನಿರ್ದೇಶಕ ಡಾನಿಸ್ ತಾನೊವಿಚ್. ಭೂಪಟದಲ್ಲಿ ಹುಡುಕಿದರೂ ಸಿಗದ ದೇಶ ನಮ್ಮದನ್ನು ಕಿತ್ತುಕೊಂಡಿತಲ್ಲ ಎಂದು ಊಟದ ಹೊತ್ತಿನವರೆಗೂ ಬೈದುಕೊಂಡಿದ್ದೆವು.

ಎಂಟು ವರ್ಷ ಬಿಟ್ಟು ಆ ಚಿತ್ರ ನೋಡಿದೆ. ಎರಡು ಸೇನೆಗಳ ನಡುವಿನ ಕಂದಕದಲ್ಲಿ ಪರಸ್ಪರ ಶತ್ರುಗಳಾದ ಇಬ್ಬರು ಸೈನಿಕರು ಸಿಕ್ಕಿಕೊಂಡಿದ್ದಾರೆ. ಮೂರನೆಯವನ ಬೆನ್ನಿನ ಅಡಿಯಲ್ಲಿ ನೆಲಬಾಂಬ್ ಇದೆ, ಅವನು ಮೈ ಎತ್ತಿದರೆ ಸಿಡಿಯುತ್ತದೆ. ವಿಶ್ವಸಂಸ್ಥೆಯವರು ಬರುತ್ತಾರೆ, ಟಿವಿಯವರು ಬರುತ್ತಾರೆ. ಕೊನೆಗೆ ಎಲ್ಲರೂ ಹೊರಟುಹೋಗುತ್ತಾರೆ, ಅವನು ಅಲ್ಲೇ ಮಲಗಿರುತ್ತಾನೆ. ಕ್ಯಾಮೆರಾ ಮೇಲೇರುತ್ತ ಹೋದಂತೆ ಅವನು ಚಿಕ್ಕವನಾಗುತ್ತಾನೆ. ಆ ರಾತ್ರಿ ನಿದ್ದೆ ಬರಲಿಲ್ಲ. ತಾನೊವಿಚ್ ಸ್ವತಃ ಸಾರಾಯೆವೊ ಮುತ್ತಿಗೆಯ ಕಾಲದಲ್ಲಿ ಬೋಸ್ನಿಯಾ ಸೇನೆಯ ಜೊತೆ ಕ್ಯಾಮೆರಾ ಹಿಡಿದು ಓಡಾಡಿದವರು. ಅದನ್ನು ತಿಳಿದ ಮೇಲೆ ಆ ಬೆಳಗಿನ ನಮ್ಮ ಬೈಗುಳ ನೆನಪಾಗಿ ನಾಚಿಕೆಯಾಯಿತು. ಅವರೇ ಮುಂದೆ 2014ರಲ್ಲಿ ಇಮ್ರಾನ್ ಹಶ್ಮಿಯನ್ನು ನಾಯಕನಾಗಿಟ್ಟು 'ಟೈಗರ್ಸ್' ಎಂಬ ಚಿತ್ರ ಮಾಡಿದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಹಳೆಯ ರೀಲು

ಯಾರಿಗಾಗಿ ಎಂಬ ಪ್ರಶ್ನೆಗೆ ಸಾರಾಯೆವೊದ ನೆಲಮಾಳಿಗೆಯಲ್ಲಿ ಉತ್ತರವಿದೆ.

ಆ ಊರಿನ ಮುತ್ತಿಗೆ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ, 1,425 ದಿನ ನಡೆಯಿತು. ಸುತ್ತಲ ಬೆಟ್ಟಗಳಲ್ಲಿ ಬೋಸ್ನಿಯಾದ ಸರ್ಬ್ ಸೇನೆಯ ಫಿರಂಗಿಗಳು, ಅಡಗಿ ಗುಂಡು ಹಾರಿಸುವ ಗುರಿಕಾರರು. ಊರಲ್ಲಿ ನೀರಿಲ್ಲ, ಕರೆಂಟಿಲ್ಲ. ಅಂಥ ಹೊತ್ತಿನಲ್ಲಿ 'ಅಪೊಲೊ' ಎಂಬ ಯುದ್ಧಕಾಲದ ಚಿತ್ರಮಂದಿರವನ್ನು ನೆಲಮಾಳಿಗೆಯೊಂದರಲ್ಲಿ ನಡೆಸಿದರು. ಜನರೇಟರ್ ಹಚ್ಚಿ, ವಿಡಿಯೊ ಟೇಪುಗಳನ್ನು ಪರದೆಯ ಮೇಲೆ ಬಿಡುತ್ತಿದ್ದರು. ಜನ ಗುರಿಕಾರರ ಕಣ್ಣಿಗೆ ಬೀಳುವ ರಸ್ತೆಗಳನ್ನು ಓಡಿ ದಾಟಿಕೊಂಡು ಸಿನಿಮಾಕ್ಕೆ ಬರುತ್ತಿದ್ದರು. ನಾನು ಹತ್ತಾರು ವರ್ಷ ಚಿತ್ರಸಮಾಜವೊಂದರಲ್ಲಿ ಪ್ರೊಜೆಕ್ಟರ್ ನೋಡಿಕೊಂಡವನು. ಮಳೆ ಬಂದರೆ ಪ್ರೇಕ್ಷಕರು ಅರ್ಧಕ್ಕರ್ಧ ಇಳಿಯುವುದನ್ನು ಕಂಡವನು. ಸಾವಿಗೆ ಎದುರಾಗಿ ನಡೆದುಕೊಂಡು ಬರುವ ಪ್ರೇಕ್ಷಕರನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

1993ರ ಅಕ್ಟೋಬರ್‌ನಲ್ಲಿ, ಮುತ್ತಿಗೆಯ ನಡುವೆಯೇ, ನಾಟಕ ನಿರ್ದೇಶಕ ಹಾರಿಸ್ ಪಾಶೊವಿಚ್ ಒಂದು ಚಿತ್ರೋತ್ಸವವನ್ನೇ ಮಾಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಅಲ್ಲಿಗೆ ಬಂದು ಮೇಣದಬತ್ತಿಯ ಬೆಳಕಿನಲ್ಲಿ ಬೆಕೆಟ್‌ನ ನಾಟಕ ಆಡಿಸಿದ್ದರು. 1995ರಲ್ಲಿ ಮಿರ್ಸಾದ್ ಪುರಿವಾತ್ರಾ ಮತ್ತು ಸಂಗಡಿಗರು, ಫಿರಂಗಿಗಳು ಗುಡುಗುತ್ತಿರುವಾಗಲೇ ಸಾರಾಯೆವೊ ಚಿತ್ರೋತ್ಸವವನ್ನು ಆರಂಭಿಸಿದರು. ಹದಿನೈದು ದೇಶಗಳ 37 ಚಿತ್ರಗಳು ಬಂದವು, ಸುಮಾರು 15,000 ಜನ ನೋಡಿದರು.

ವಿಯೆನ್ನಾದಿಂದ

ಹಳೆಯ ರೀಲು ಸರ್, ತುಂಬ ಚೆನ್ನಾಗಿ ಹೇಳಿದಿರಿ. ಒಂದು ಸಣ್ಣ ತಿದ್ದುಪಡಿ. ಮೊದಲ ಉತ್ಸವ ಶುರುವಾದದ್ದು 1995ರ ಅಕ್ಟೋಬರ್ 25ರಂದು. ಅದಕ್ಕೆ ಎರಡು ವಾರ ಮೊದಲೇ ಕದನವಿರಾಮ ಜಾರಿಗೆ ಬಂದಿತ್ತು, ಯುದ್ಧ ಮುಗಿಸಿದ ಡೇಟನ್ ಒಪ್ಪಂದಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಮುತ್ತಿಗೆ ಅಧಿಕೃತವಾಗಿ ತೆರವಾದದ್ದು ಮರುವರ್ಷ. ಫಿರಂಗಿಗಳ ನಡುವೆ ನಡೆದದ್ದು ನೀವೇ ಹೇಳಿದ 1993ರ ಉತ್ಸವ. ಎರಡನ್ನೂ ಒಂದು ಮಾಡಿ ಬರೆಯುವ ರೂಢಿ ಎಲ್ಲ ಕಡೆ ಇದೆ. ಅದರಿಂದ 1993ರವರ ಧೈರ್ಯ ಮರೆಯಾಗುತ್ತದೆ ಎಂದು ಹೇಳಬೇಕಾಯಿತು.

ನಾನಿರುವ ವಿಯೆನ್ನಾದಲ್ಲಿ ಬೋಸ್ನಿಯಾದವರು ಬಹಳ. ನಮ್ಮ ಮೇಲಿನ ಮಹಡಿಯ ಕುಟುಂಬದ ಜೊತೆ ಒಂದು ಆಗಸ್ಟ್‌ನಲ್ಲಿ ಸಾರಾಯೆವೊ ಉತ್ಸವಕ್ಕೆ ಹೋಗಿದ್ದೆ. ಬಯಲು ಚಿತ್ರಮಂದಿರದಲ್ಲಿ ಮೂರು ಸಾವಿರದಷ್ಟು ಆಸನ. ಕತ್ತಲಾದ ಮೇಲೆ ಬೆಟ್ಟದ ಮನೆಗಳ ದೀಪ ಹತ್ತುತ್ತವೆ, ಪರದೆಯೂ ಬೆಳಗುತ್ತದೆ. ಹಗಲು ಟಿಕೆಟ್‌ಗೆಂದು ಸಾಲಿನಲ್ಲಿ ನಿಂತಿದ್ದಾಗ ಕಾಲ ಬಳಿ ನೆಲದಲ್ಲಿ ಕೆಂಪು ಚೆಲ್ಲಿದ ಹಾಗೆ ಕಂಡಿತು. ಶೆಲ್ ಬಿದ್ದು ಜನ ಸತ್ತ ಕಡೆ, ಕಾಂಕ್ರೀಟಿನ ಗಾಯಕ್ಕೆ ಕೆಂಪು ರಾಳ ತುಂಬಿದ್ದಾರೆ. ಅದನ್ನು 'ಸಾರಾಯೆವೊ ಗುಲಾಬಿ' ಎನ್ನುತ್ತಾರೆ. ಮುಂದೆ ನಿಂತಿದ್ದ ಹುಡುಗಿ ಮೊಬೈಲ್ ನೋಡುತ್ತಲೇ, ಕಣ್ಣೆತ್ತದೆ, ಅದನ್ನು ಬಳಸಿ ಹೆಜ್ಜೆಯಿಟ್ಟಳು. ಅವಳು ಯುದ್ಧ ಮುಗಿದ ಮೇಲೆ ಹುಟ್ಟಿದವಳು.

ನೇರ ಮಾತು

ಎಲ್ಲರೂ ಭಾವುಕರಾಗಿರುವಾಗ ಕಟುವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನನಗೂ ಆ ಸಿನಿಮಾಗಳ ಮೇಲೆ ಪ್ರೀತಿ ಇದೆ, ಅದಕ್ಕೇ ಕೇಳುತ್ತಿದ್ದೇನೆ.

2013ರ ಜನಗಣತಿಯಂತೆ ಸುಮಾರು 35 ಲಕ್ಷ ಜನರಿರುವ ದೇಶ ಅದು. 2011ರ ಲೆಕ್ಕದ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. ಅಲ್ಲಿನ ಟಿಕೆಟ್ ಹಣದಿಂದ ಸಿನಿಮಾ ಬದುಕಲಾರದು. 'ಕ್ವೊ ವಾಡಿಸ್, ಐಡಾ?' ಒಂಬತ್ತು ದೇಶಗಳ ಸಹನಿರ್ಮಾಣ. ಹೊರಗಿನವರ ಹಣ ಬೇಕಾದಾಗ ಹೊರಗಿನವರು ಬಯಸುವ ಕತೆಯನ್ನೇ ಹೇಳಬೇಕಾಗುತ್ತದೆ. ಅವರು ಬಯಸುವುದು ಯುದ್ಧ, ಸಮಾಧಿ, ಅಳುವ ಹೆಂಗಸು.

ಒಂದು ಉದಾಹರಣೆ ಕೊಡುತ್ತೇನೆ. ತಾನೊವಿಚ್ 2013ರಲ್ಲಿ 'ಗುಜರಿ ಆಯುವವನ ಬದುಕಿನ ಒಂದು ಪ್ರಸಂಗ' ಎಂಬ ಅರ್ಥದ ಚಿತ್ರ ಮಾಡಿದರು. ಅಲ್ಲಿ ಅಂಚಿಗೆ ಸರಿದ ರೋಮಾ ಸಮುದಾಯದ ನಜೀಫ್ ಮುಯಿಚ್, ಅವರ ಹೆಂಡತಿ ಸೆನಾದಾ ತಮಗೆ ನಿಜವಾಗಿ ನಡೆದದ್ದನ್ನೇ ತಾವೇ ಅಭಿನಯಿಸಿದರು. ಒಂಬತ್ತು ದಿನದ ಚಿತ್ರೀಕರಣ, 17,000 ಯುರೊ ಖರ್ಚು. ಬರ್ಲಿನ್‌ನಲ್ಲಿ ಚಿತ್ರಕ್ಕೆ ತೀರ್ಪುಗಾರರ ಮಹಾಪ್ರಶಸ್ತಿ, ನಜೀಫ್‌ಗೆ ಶ್ರೇಷ್ಠ ನಟನ ಬೆಳ್ಳಿ ಕರಡಿ. ಆಮೇಲೆ? ಕಷ್ಟ ತೀರಲಿಲ್ಲ. ಆ ಬೆಳ್ಳಿ ಕರಡಿಯನ್ನು 4,000 ಯುರೊಗೆ ಮಾರಿದರು. 2018ರಲ್ಲಿ ತೀರಿಕೊಂಡರು. ಹಬ್ಬದಿಂದ ಯಾರಿಗೇನು ಸಿಕ್ಕಿತು ಎಂಬುದನ್ನು ಈ ಲೆಕ್ಕವನ್ನು ಬಿಟ್ಟು ಮಾತನಾಡಲಾಗದು.

ಹಡ್ಸನ್ ದಂಡೆ

ನಜೀಫ್ ಅವರ ವಿಷಯ ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ನಿಮ್ಮ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲಾರೆ.

ಆದರೆ ಹೊರಗಿನವರಿಗೆ ಬೇಕಾದ್ದರಿಂದ ಯುದ್ಧದ ಕತೆ ಹೇಳುತ್ತಾರೆ ಎಂಬುದನ್ನು ಒಪ್ಪಲಾರೆ. ಯಾಸ್ಮಿಲಾ ಜ್ಬಾನಿಚ್ ಅವರ 'ಗ್ರಬಾವಿತ್ಸಾ' 2006ರಲ್ಲಿ ಬರ್ಲಿನ್‌ನ ಚಿನ್ನದ ಕರಡಿ ಗೆದ್ದಿತು. ಅದರ ಕತೆ ಎಷ್ಟು ಸಣ್ಣದು ನೋಡಿ. ಶಾಲೆಯ ಪ್ರವಾಸಕ್ಕೆ ಹಣ ಕಟ್ಟಬೇಕು. 'ಶೆಹೀದ್', ಅಂದರೆ ಯುದ್ಧದಲ್ಲಿ ಹುತಾತ್ಮರಾದವರ ಮಕ್ಕಳಿಗೆ ಶುಲ್ಕವಿಲ್ಲ, ಪ್ರಮಾಣಪತ್ರ ತಂದರೆ ಸಾಕು. ಅಪ್ಪ ಶೆಹೀದ್ ಎಂದೇ ಮಗಳು ನಂಬಿದ್ದಾಳೆ. ತಾಯಿ ಪ್ರಮಾಣಪತ್ರ ತರುವುದಿಲ್ಲ, ಹೇಗೋ ಹಣ ಹೊಂದಿಸಲು ಓಡಾಡುತ್ತಾಳೆ. ಯಾಕೆಂದರೆ ಮಗಳು ಹುಟ್ಟಿದ್ದು ಯುದ್ಧಕಾಲದ ಅತ್ಯಾಚಾರದಿಂದ. ಈ ಚಿತ್ರವನ್ನು ದೇಶದ ಸರ್ಬ್ ಬಹುಸಂಖ್ಯಾತ ಭಾಗವಾದ ರಿಪಬ್ಲಿಕಾ ಸ್ರ್ಪ್‌ಸ್ಕಾದ ಚಿತ್ರಮಂದಿರಗಳು ತೋರಿಸಲಿಲ್ಲ. ಆದರೆ ಚಿತ್ರದ ಜೊತೆಗೇ ನಡೆದ ಸಹಿ ಸಂಗ್ರಹ, ಹೋರಾಟದ ಬೆನ್ನಿಗೆ ಅದೇ 2006ರಲ್ಲಿ ದೇಶದ ಇನ್ನೊಂದು ಭಾಗವಾದ ಫೆಡರೇಶನ್‌ನಲ್ಲಿ ಕಾನೂನು ತಿದ್ದುಪಡಿಯಾಗಿ, ಅಂಥ ಹೆಂಗಸರಿಗೆ ಯುದ್ಧದ ನಾಗರಿಕ ಸಂತ್ರಸ್ತರೆಂಬ ಮಾನ್ಯತೆ, ಮಾಸಾಶನ ಸಿಕ್ಕಿತು. ಬರ್ಲಿನ್‌ಗೆ ಆ ಕಾನೂನಿನಿಂದ ಏನೂ ಆಗಬೇಕಾಗಿರಲಿಲ್ಲ, ಆಗಬೇಕಾಗಿದ್ದದ್ದು ಆ ತಾಯಂದಿರಿಗೆ.

ವಿಯೆನ್ನಾದಿಂದ

ಜ್ಬಾನಿಚ್ ಅವರದೇ 'ಐಡಾ' ಬಗ್ಗೆಯೂ ಒಂದು ಮಾತು. 1995ರ ಜುಲೈನಲ್ಲಿ ಸ್ರೆಬ್ರೆನಿಟ್ಸಾದಲ್ಲಿ ಬೋಸ್ನಿಯಾದ ಸರ್ಬ್ ಸೇನೆಯವರು ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನು, ಹುಡುಗರನ್ನು ಕೊಂದರು. ಚಿತ್ರದ ಕತೆ ಅದೇ. ಆ ಚಿತ್ರ ವೆನಿಸ್‌ನಲ್ಲಿ ಮೊದಲು ತೆರೆಕಂಡಿತು, 2021ರಲ್ಲಿ ಆಸ್ಕರ್ ಅಂತಿಮ ಸುತ್ತಿಗೂ ಬಂತು. ತಿರುವನಂತಪುರದ ಚಿತ್ರೋತ್ಸವ ಅದೇ ವರ್ಷ ಉದ್ಘಾಟನೆಯಾದದ್ದು ಈ ಚಿತ್ರದಿಂದಲೇ, ಇಲ್ಲಿನ ಕೆಲವರು ಅಲ್ಲಿ ನೋಡಿರಬಹುದು. ಆದರೆ ಬೋಸ್ನಿಯಾದಲ್ಲಿ ಮೊದಲ ಪ್ರದರ್ಶನವನ್ನು ಜ್ಬಾನಿಚ್ ಇಟ್ಟುಕೊಂಡದ್ದು ಸ್ರೆಬ್ರೆನಿಟ್ಸಾ ಬಳಿಯ ಪೊಟೊಚಾರಿಯ ಸ್ಮಾರಕ ಕೇಂದ್ರದಲ್ಲಿ, ಯುವಕ ಯುವತಿಯರ ಎದುರಿಗೆ.

ಚಿತ್ರದ ಕೊನೆಯಲ್ಲಿ ಐಡಾ ಮತ್ತೆ ಅದೇ ಊರಿನ ಶಾಲೆಯಲ್ಲಿ ಟೀಚರ್. ಮಕ್ಕಳು ವೇದಿಕೆಯ ಮೇಲೆ ಕೈಗಳಿಂದ ಕಣ್ಣು ಮುಚ್ಚುತ್ತಾರೆ, ತೆರೆಯುತ್ತಾರೆ. ನೋಡಲು ಕುಳಿತ ಅಪ್ಪ ಅಮ್ಮಂದಿರಲ್ಲಿ ಕೊಂದವರ ಕಡೆಯವರೂ ಇದ್ದಾರೆ. ಆ ಸಭೆಯಲ್ಲಿ ಹೊರಗಿನವರು ಒಬ್ಬರೂ ಇಲ್ಲ.

ಹಳೆಯ ರೀಲು

ತಿದ್ದುಪಡಿಗೆ ಧನ್ಯವಾದ. ವರ್ಷಗಳಿಂದ ತಪ್ಪಾಗಿ ಹೇಳಿಕೊಂಡು ಬಂದಿದ್ದೆ.

ಬೋಸ್ನಿಯಾದ ಸಿನಿಮಾ 1992ರಲ್ಲಿ ಹುಟ್ಟಿದ್ದಲ್ಲ ಎಂಬುದನ್ನೂ ಸೇರಿಸಬೇಕು. ಹೈರುದ್ದೀನ್ ಕ್ರವಾವಾತ್ಸ್ 1972ರಲ್ಲಿ ಮಾಡಿದ 'ವಾಲ್ಟರ್ ಸಾರಾಯೆವೊವನ್ನು ಕಾಯುತ್ತಾನೆ' ಚೀನಾದಲ್ಲಿ ಇಂದಿಗೂ ಮನೆಮಾತು. ಎರಡನೆಯ ಮಹಾಯುದ್ಧದಲ್ಲಿ ಆ ಊರಿನಲ್ಲಿ ಹೋರಾಡಿದ ವ್ಲಾದಿಮಿರ್ ಪೆರಿಚ್ ಎಂಬವರ ಗುಪ್ತನಾಮ ವಾಲ್ಟರ್. ಚಿತ್ರದ ಕೊನೆಯಲ್ಲಿ ಜರ್ಮನ್ ಅಧಿಕಾರಿ ಬೆಟ್ಟದ ಮೇಲೆ ನಿಂತು, ವಾಲ್ಟರ್ ಯಾರೆಂದು ಈಗ ಗೊತ್ತಾಯಿತು, ಕೆಳಗೆ ಕಾಣುವ ಈ ಊರೇ ವಾಲ್ಟರ್ ಎನ್ನುತ್ತಾನೆ. 1992ರ ಏಪ್ರಿಲ್‌ನಲ್ಲಿ ಬೀದಿಗಿಳಿದ ಜನ 'ನಾವೇ ವಾಲ್ಟರ್' ಎಂದು ಕೂಗಿದರು. ಇಪ್ಪತ್ತು ವರ್ಷ ಹಿಂದಿನ ಸಿನಿಮಾದ ಮಾತು ಅವರ ಬಾಯಲ್ಲಿತ್ತು. ಅದೇ ಜುಲೈನಲ್ಲಿ, ಮುತ್ತಿಗೆಯ ಊರೊಳಗೆ ಕ್ರವಾವಾತ್ಸ್ ತೀರಿಕೊಂಡರು. ಅವರ ಸಿನಿಮಾದ ಬೆಟ್ಟದ ಮೇಲೆ ಆಗ ನಿಜವಾದ ಫಿರಂಗಿಗಳು ನಿಂತಿದ್ದವು.

ಸಾರಾಯೆವೊದಲ್ಲಿ ಹುಟ್ಟಿದ ನಿರ್ದೇಶಕ ಎಮಿರ್ ಕುಸ್ತುರಿತ್ಸಾ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. 1985ರಲ್ಲಿ ಕಾನ್‌ನ ಮಹಾಪ್ರಶಸ್ತಿ ಪಾಮ್ ದೋರ್ ತಂದ ಅವರ ಚಿತ್ರಕ್ಕೆ ಚಿತ್ರಕತೆ ಬರೆದವರು ಸಾರಾಯೆವೊದ ಕವಿ ಅಬ್ದುಲ್ಲಾ ಸಿದ್ರಾನ್ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಆ ಕವಿ 2024ರಲ್ಲಿ ತೀರಿಕೊಂಡರು. ಅವರ ಹೆಸರು ಎಲ್ಲರ ಬಾಯಲ್ಲಿ ಇರಬೇಕಾಗಿತ್ತು.

ಪದಗಳ ಹಿಂದೆ

ಮೊದಲ ನಗುವಿನ ಬಗ್ಗೆ ಓದಿ ಖುಷಿಯಾಯಿತು. ನಿಮ್ಮ ಗೆಳತಿ ಹೇಳಿದ ಹಳೆಯ ಪೇಟೆಯ ಮಾತಿನಲ್ಲಿ ನಮಗೆ ಗೊತ್ತಿರುವ ಪದಗಳು ಎಷ್ಟಿವೆ ಗೊತ್ತೇ? ನಾಲ್ಕು ಶತಮಾನ ತುರ್ಕರ ಆಳ್ವಿಕೆ ಕಂಡ ನಾಡು ಅದು. ತುರ್ಕಿಯ ಮೂಲಕ ಪಾರಸಿ, ಅರಬಿ ಪದಗಳು ಅಲ್ಲಿಗೆ ಹೋದವು. ನಮ್ಮಲ್ಲಿಗೆ ದಖನಿ, ಉರ್ದು, ಮರಾಠಿಯ ದಾರಿಯಲ್ಲಿ ಬಂದವು. ಅವರ 'ಜೆಪ್' ನಮ್ಮ ಜೇಬು. 'ಸಂದುಕ್' ನಮ್ಮ ಸಂದೂಕ. 'ಮೆಯ್ದಾನ್' ನಮ್ಮ ಮೈದಾನ. 'ದುಶ್ಮನಿನ್', 'ಶೆಯ್ತಾನ್' ಹೇಳಬೇಕಾಗಿಯೇ ಇಲ್ಲ. ಸಕ್ಕರೆಗೆ ಅವರು 'ಶೆಚೆರ್' ಎನ್ನುತ್ತಾರೆ. ಅದು ಇಲ್ಲಿಂದಲೇ ಹೊರಟ ಪದ, ಸಂಸ್ಕೃತದ ಶರ್ಕರಾ. ಅವರು ಕಾಫಿ ಕುಡಿಯುವ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ 'ಫಿಲ್ಜಾನ್' ಎಂದು ಹೆಸರು. ಅದರ ಬೇರು ಪಾರಸಿಯ 'ಪಿಂಗಾನ್', ನಮ್ಮ ಪಿಂಗಾಣಿಯ ಬೇರೂ ಅದೇ.

ಅವರ ಹಳೆಯ ಹಾಡುಗಳಿಗೆ 'ಸೆವ್ದಾಲಿಂಕಾ' ಎನ್ನುತ್ತಾರೆ. ಒಳಗೊಳಗೇ ಕೊರೆಯುವ ಪ್ರೀತಿ, ಅಗಲಿಕೆಯ ಹಾಡುಗಳು. ಅಲ್ಲಿನ ಚಿತ್ರಗಳಲ್ಲಿ ಯಾರಾದರೂ ಅದನ್ನು ಗುನುಗಿದರೆ ಕೆಳಗಿನ ಇಂಗ್ಲಿಷ್ ಸಾಲನ್ನು ಓದಬೇಡಿ, ಸುಮ್ಮನೆ ಕೇಳಿ.

ಹೊಸ ಓದುಗ, ಹಾವೇರಿ

ನಮಸ್ಕಾರ. ನಾನು ಈ ದೇಶದ ಒಂದೂ ಸಿನಿಮಾ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ? ಮನೆಯಲ್ಲಿ ಅಮ್ಮನ ಜೊತೆ ಕುಳಿತು ನೋಡುವಂಥದ್ದು ಇದ್ದರೆ ತಿಳಿಸಿ.

ಮಲೆನಾಡ ಮಳೆ

ಪ್ಯೆರ್ ಜಾಲಿತ್ಸಾ ಅವರ 'ಗೋರಿ ವಾತ್ರಾ' (2003) ನೋಡಿ. ಯುದ್ಧ ಮುಗಿದ ಮೇಲೆ ಒಂದು ಪುಟ್ಟ ಊರಿಗೆ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಬರುತ್ತಾರಂತೆ ಎಂದು ಸುದ್ದಿ. ಅವರು ಬರುವುದರೊಳಗೆ ಊರು ಚೊಕ್ಕಟವಾಗಬೇಕು, ನೆರೆಯ ಶತ್ರುಗಳ ಜೊತೆ ಸ್ನೇಹವಾಗಬೇಕು. ಮಂತ್ರಿ ಬರುತ್ತಾರೆಂದು ರಾತ್ರೋರಾತ್ರಿ ಡಾಂಬರು ಬೀಳುವುದನ್ನು ಕಂಡ ನಮಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಅದರ ಒಳಗೆ ಮಗನನ್ನು ಕಳೆದುಕೊಂಡ ಒಬ್ಬ ಅಪ್ಪ ಇದ್ದಾನೆ, ಅವನನ್ನು ಗಮನಿಸಿ.

ವಿಯೆನ್ನಾದಿಂದ

ಐದಾ ಬೆಗಿಚ್ ಅವರ 'ಸ್ನಿಯೆಗ್' (2008) ಕೂಡ. ಗಂಡಸರೆಲ್ಲ ಇಲ್ಲವಾದ ಹಳ್ಳಿಯಲ್ಲಿ ಹೆಂಗಸರು ಉಪ್ಪಿನಕಾಯಿ, ಹಣ್ಣಿನ ಜಾಮ್ ಮಾಡಿ ಮಾರಿ ಬದುಕು ಕಟ್ಟಲು ನೋಡುತ್ತಾರೆ. ಕಾನ್‌ನ ವಿಮರ್ಶಕರ ಸಪ್ತಾಹದಲ್ಲಿ ಮಹಾಪ್ರಶಸ್ತಿ ಪಡೆದ ಚಿತ್ರ. ಅಮ್ಮನಿಗೆ ಹಿಡಿಸುತ್ತದೆ.

ನೇರ ಮಾತು

'ಗ್ರಬಾವಿತ್ಸಾ' ಕಾನೂನಿನ ವಿಷಯ ನನಗೆ ತಿಳಿದಿರಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೂ ಹೊಸ ಓದುಗರೇ, ನನ್ನದೊಂದು ಕೋರಿಕೆ: ಮೊದಲು ನಜೀಫ್ ಅವರ ಚಿತ್ರವನ್ನೇ ನೋಡಿ. ಒಂದೂಕಾಲು ಗಂಟೆಯದು. ಅವರನ್ನು ನೋಡುವವರು ಇನ್ನೊಬ್ಬರಾದರೂ ಆಗಲಿ.

ಹೊಸ ಓದುಗ, ಹಾವೇರಿ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ನೇರ ಮಾತು ಅವರು ಹೇಳಿದ ಚಿತ್ರವನ್ನೇ ಅಮ್ಮನ ಜೊತೆ ನೋಡಿದೆ.

ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಾನು ಕೆಳಗಿನ ಸಾಲು ನೋಡಿ ಕನ್ನಡದಲ್ಲಿ ಹೇಳುತ್ತ ಹೋದೆ. ಸೆನಾದಾ ಮನೆಯಲ್ಲಿ ಹಿಟ್ಟು ನಾದುವಾಗ, ಮಕ್ಕಳು ಕಾಲಿಗೆ ತೊಡರಿಕೊಳ್ಳುವಾಗ ನಾನು ಹೇಳುವುದೇನೂ ಇರಲಿಲ್ಲ. ಹೊಟ್ಟೆಯಲ್ಲಿದ್ದ ಕೂಸು ಸತ್ತಿದೆ, ಕೂಡಲೇ ಶಸ್ತ್ರಚಿಕಿತ್ಸೆ ಆಗಬೇಕು, ವಿಮೆಯ ಕಾರ್ಡ್ ಇಲ್ಲ. ಆಸ್ಪತ್ರೆಯ ಕಿಟಕಿಯ ಹಿಂದಿನವರು ಮಾತನಾಡಲು ಬಾಯಿ ತೆರೆದರು. ನಾನು ಸಾಲು ಓದುವುದಕ್ಕೆ ಮೊದಲೇ ಅಮ್ಮ ಹೇಳಿದರು: 'ಮೊದಲು ದುಡ್ಡು ಕಟ್ಟಿ ಅನ್ನುತ್ತಾರೆ.' ಓದಿದೆ. ಅದೇ ಇತ್ತು. ಅಲ್ಲಿನ ಹಣದಲ್ಲಿ 980 ಮಾರ್ಕ್ ಕಟ್ಟಬೇಕಂತೆ. ನನ್ನ ತಂಗಿ ಹುಟ್ಟುವಾಗ ನಮ್ಮೂರಿನ ಹತ್ತಿರದ ಆಸ್ಪತ್ರೆಯೊಂದರಲ್ಲಿ ಅಪ್ಪ ರಾತ್ರಿಯೆಲ್ಲ ಹಣಕ್ಕೆ ಅಲೆದದ್ದನ್ನು ಅಮ್ಮ ಮೊದಲ ಬಾರಿ ನನಗೆ ಹೇಳಿದರು.

ಆಮೇಲೆ ನಾನು ಸಾಲುಗಳನ್ನು ಓದುವುದನ್ನೇ ಕಡಿಮೆ ಮಾಡಿದೆ. ನಜೀಫ್ ತನ್ನ ಸ್ವಂತ ಕಾರನ್ನು ಕೊಡಲಿಯಿಂದ ಕಡಿದು ತುಂಡು ಮಾಡಿ ಗುಜರಿಗೆ ಹಾಕುವ ದೃಶ್ಯದಲ್ಲಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು. ಚಿತ್ರದಲ್ಲಿ ಅವರ ಮನೆಗೆ ಕಡಿದಿದ್ದ ಕರೆಂಟು ಮತ್ತೆ ಬಂದಾಗ 'ಅಬ್ಬ' ಎಂದರು.

ಚಿತ್ರ ಮುಗಿದ ಮೇಲೆ, ಇವರು ನಿಜವಾದ ಗಂಡ ಹೆಂಡತಿಯೇ ಎಂದೆ. ಈಗ ಹೇಗಿದ್ದಾರೆ ಎಂದು ಕೇಳಿದರು. ಇಲ್ಲಿ ಓದಿದ್ದನ್ನು ಹೇಳಿದೆ. ಬರ್ಲಿನ್, ಬೆಳ್ಳಿ ಕರಡಿ, ನಾಲ್ಕು ಸಾವಿರ, 2018. ಅಮ್ಮ ಎದ್ದು ಒಳಗೆ ಹೋಗಿ ಹಾಲು ಕಾಯಿಸಲು ಇಟ್ಟರು. ಅಲ್ಲಿಂದಲೇ ಕೇಳಿದರು, ಆ ಕರಡಿಯನ್ನು ಕೊಂಡವರು ಅದನ್ನು ಮನೆಯಲ್ಲಿ ಎಲ್ಲಿ ಇಟ್ಟುಕೊಂಡಿರಬಹುದು ಎಂದು.